ಸಾರಥಿಯೇ ಬಿಲ್ಲುಗಾರನಾದರೆ

ಜಂಬೂಸವಾರಿಯ ದಿನ ಅಂಬಾರಿಗೆ ಪುಷ್ಪಾರ್ಚನೆ ಆಗುವಾಗ ಅರಮನೆ ಬಳಿ 21 ಕುಶಾಲತೋಪು ಹಾರುತ್ತದಲ್ಲ, ಆ ಸದ್ದಿಗೆ ಮೈಸೂರಿನವರ ಕಿವಿ ಯಾವತ್ತೋ ಒಗ್ಗಿದೆ. ಆನೆಗಳಿಗೂ ಒಗ್ಗಲಿ ಅಂತ ವಾರಗಟ್ಟಲೆ ಮೊದಲೇ ತಾಲೀಮು ನಡೆಯುತ್ತದೆ. ಆ ಫಿರಂಗಿಗಳನ್ನು ಹತ್ತಿರದಿಂದ ನೋಡಿದವರು ಒಂದು ಗಮನಿಸಿರಬೇಕು. ಅವಕ್ಕೆ ಕತ್ತು ಅನ್ನೋದು ಇಲ್ಲ. ಗಾಡಿ ಎತ್ತ ನೋಡುತ್ತದೋ ನಳಿಕೆಯೂ ಅತ್ತಲೇ. ಪಕ್ಕಕ್ಕೆ ತಿರುಗಿಸಬೇಕಾದರೆ ನಾಲ್ಕು ಜನ ಸೇರಿ ಇಡೀ ಗಾಡಿಯನ್ನೇ ಎಳೆದು ತಿರುಗಿಸಬೇಕು.

ಹಿಂದಿನ ಕಂತಿನಲ್ಲಿ ಈ ತೋಪುಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದನ್ನು ಓದಿ ಕುವೆಂಪುನಗರದ ತಾಯಿಯೊಬ್ಬರು ಮಗನ ಪ್ರಶ್ನೆಯೊಂದನ್ನು ಕಳಿಸಿದ್ದಾರೆ. ಹುಡುಗ ಏಳನೇ ಕ್ಲಾಸು. ಹೊತ್ತು ಮೂಡಿದರೆ ಮುಳುಗಿದರೆ ಬಾಹ್ಯಾಕಾಶ ನೌಕೆಗಳ ಚಿತ್ರ ಬಿಡಿಸುತ್ತಾನಂತೆ. ಅವನ ವಿಡಿಯೊ ಗೇಮಿನ ದೊಡ್ಡ ನೌಕೆಗಳಿಗೆಲ್ಲ ಮೂಗಿನಿಂದ ಬಾಲದವರೆಗೆ ಒಂದೇ ತೋಪು. ಅದು ತಿರುಗೋದಿಲ್ಲ, ನೌಕೆಯೇ ತಿರುಗಬೇಕು. "ಗ್ರಹದಿಂದ ಗ್ರಹಕ್ಕೆ ಹಾರುವ ತಂತ್ರಜ್ಞಾನ ಇರುವವರಿಗೆ ಒಂದು ತಿರುಗುವ ತೋಪು ಮಾಡೋಕೆ ಬರಲ್ವಾ?" ಇದು ಹುಡುಗನ ತಕರಾರು.

ಒಳ್ಳೆ ತಕರಾರು. ಉತ್ತರಕ್ಕೆ ಗ್ರಹದಾಚೆ ಹೋಗಬೇಕಿಲ್ಲ. ಬೆಂಗಳೂರಿಗೆ ಹೋದರೆ ಸಾಕು, ಆಮೇಲೆ ಕಾರವಾರ. ಮೊದಲು ಮಹಾಭಾರತದಿಂದ ಒಂದು ಹೋಲಿಕೆ ಎರವಲು ತಗೋತೀನಿ.

ಅರ್ಜುನನ ರಥದಲ್ಲಿ ಕೆಲಸ ಹಂಚಿಕೆ ಆಗಿತ್ತು. ಕುದುರೆ ನೋಡಿಕೊಳ್ಳೋನು ಕೃಷ್ಣ, ಬಾಣ ಬಿಡೋನು ಅರ್ಜುನ. ರಥ ಉತ್ತರಕ್ಕೆ ಓಡುತ್ತಿದ್ದರೂ ಬಾಣ ಪೂರ್ವಕ್ಕೆ ಹೋಗಬಹುದು. ಓಡಿಹೋಗುತ್ತಲೇ ಹಿಂದಕ್ಕೂ ಬಿಡಬಹುದು. ಯುದ್ಧನೌಕೆಯ ಮೇಲಿನ ತಿರುಗು ತೋಪು, ಟ್ಯಾಂಕಿನ ತಲೆ, ಎಲ್ಲ ಇದೇ ಲೆಕ್ಕ. ಈಗ ಆ ಬಿಲ್ಲನ್ನು ರಥದ ಮೂಕಿಗೇ ಮೊಳೆ ಹೊಡೆದು ಕೂರಿಸಿದ್ದೀರಿ ಅಂತ ಇಟ್ಟುಕೊಳ್ಳಿ. ಗುರಿ ಇಡಬೇಕಾದರೆ ಕುದುರೆಗಳನ್ನೇ ಆ ಕಡೆ ತಿರುಗಿಸಬೇಕು. ಸಾರಥಿಯೇ ಬಿಲ್ಲುಗಾರ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬಾಣ ಬಿಡೋ ಹೊತ್ತಿನಲ್ಲಿ ರಥ ಶತ್ರುವಿನ ಕಡೆಗೇ ಓಡುತ್ತಿರುತ್ತದೆ. ಉತ್ತರ ಕುಮಾರನಿಗೆ ಇಂಥ ರಥ ಕೊಟ್ಟಿದ್ದರೆ ಕಥೆ ಏನಾಗುತ್ತಿತ್ತೋ!

ಹಾಗಿದ್ದರೂ ಮನುಷ್ಯ ಮತ್ತೆ ಮತ್ತೆ ಇಂಥ ರಥವನ್ನೇ ಕಟ್ಟಿದ್ದಾನೆ. ಯಾಕೆ?

ಬೇಸಿಗೆಯಲ್ಲಿ ಗಿಡಕ್ಕೆ ನೀರು ಬಿಡುವಾಗ ಪೈಪು ಕೈಯಲ್ಲಿ ಹಿಡಿದವರಿಗೆ ಇದರ ಅರ್ಧ ಉತ್ತರ ಗೊತ್ತು. ನಲ್ಲಿ ಪೂರ್ತಿ ತಿರುಗಿಸಿದಾಗ ನೀರು ಮುಂದಕ್ಕೆ ಚಿಮ್ಮುತ್ತದೆ, ಪೈಪು ಕೈಯನ್ನು ಹಿಂದಕ್ಕೆ ನೂಕುತ್ತದೆ. ನ್ಯೂಟನ್ ಹೇಳಿದ ಮೂರನೇ ನಿಯಮ. ಬರೀ ಮದ್ದು ತುಂಬಿ ಹಾರಿಸುವ ಕುಶಾಲತೋಪಿಗೂ ಈ ಹಿಂದೊದೆತ ಇದ್ದೇ ಇದೆ, ಗುಂಡು ತುಂಬಿದ್ದಕ್ಕೆ ಇನ್ನೂ ಹೆಚ್ಚು. ನೆಲದ ಮೇಲಿನ ಫಿರಂಗಿಗೆ ಭೂಮಿಯ ಆಸರೆ ಇದೆ. ಗಾಳಿಯಲ್ಲಿ ಹಾರುತ್ತಿರುವ ವಸ್ತುವಿಗೆ ಅಂಥ ಆಸರೆ ಎಲ್ಲಿ? ಒದೆತವನ್ನೆಲ್ಲ ಅದು ತನ್ನ ಮೈಯಲ್ಲೇ ತಡೆದುಕೊಳ್ಳಬೇಕು.

ಇನ್ನರ್ಧ ಉತ್ತರ ಮನೆಯ ಬೀರುವಿನಲ್ಲಿದೆ. ಬಣ್ಣ ಹೊಡೆಸುವಾಗ ಬೀರು ಸರಿಸಿದ್ದೀರಲ್ಲ? ನಡುಮಧ್ಯಕ್ಕೆ ಕೈಕೊಟ್ಟು ತಳ್ಳಿದರೆ ನೇರ ಹೋಗುತ್ತದೆ. ಒಂದು ಮೂಲೆಗೆ ತಳ್ಳಿದರೆ ಗಿರ್ರನೆ ತಿರುಗಿ ಗೋಡೆಗೆ ತಾಗುತ್ತದೆ. ತೋಪಿನ ಒದೆತವೂ ಹಾಗೇ. ಅದು ವಾಹನದ ಭಾರದ ಕೇಂದ್ರದ ಮೂಲಕ ಹಾದುಹೋದರೆ ವಾಹನ ಸ್ವಲ್ಪ ನಿಧಾನ ಆಗುತ್ತದೆ, ಅಷ್ಟೇ. ಪಕ್ಕದಲ್ಲಿ ಹಾದುಹೋದರೆ ಮೂತಿ ಪಕ್ಕಕ್ಕೆ ಎಳೆಯುತ್ತದೆ, ಮುಂದಿನ ಗುಂಡು ಎಲ್ಲೋ ಹೋಗುತ್ತದೆ. ಆದ್ದರಿಂದ ವಾಹನ ಚಿಕ್ಕದಾಗಿ ತೋಪು ದೊಡ್ಡದಾದಷ್ಟೂ ಅದನ್ನು ನಡುಗೆರೆಯಲ್ಲೇ ಮುಂದಕ್ಕೆ ಮುಖಮಾಡಿ ಬಿಗಿಯಬೇಕಾಗುತ್ತದೆ. ತಿರುಗು ತೋಪಿಗೆ ಬೇಕಾದ ಬಳೆ, ಮೋಟಾರು, ಕವಚ ಇವುಗಳ ತೂಕವೆಲ್ಲ ಉಳಿಯುತ್ತದೆ.

ಅಮೆರಿಕದವರ ಎ-10 ವಿಮಾನದಲ್ಲಿ ಇದರ ಅತಿರೇಕ ನೋಡಬಹುದು. ಏಳು ನಳಿಕೆಯ 30 ಮಿ.ಮೀ. ತೋಪು, ನಿಮಿಷಕ್ಕೆ 3,900 ಗುಂಡು. ಗುಂಡು ಹಾರುವ ನಳಿಕೆ ಸರಿಯಾಗಿ ನಡುಗೆರೆಗೆ ಬರಲಿ ಅಂತ ಇಡೀ ತೋಪನ್ನು ಸ್ವಲ್ಪ ಎಡಕ್ಕೆ ಸರಿಸಿದ್ದಾರೆ. ಅದಕ್ಕೆ ಜಾಗ ಬಿಡಬೇಕಲ್ಲ, ಮೂಗಿನ ಚಕ್ರವನ್ನು ಬಲಕ್ಕೆ ಸರಿಸಿದ್ದಾರೆ. ಆ ತೋಪಿನ ಒದೆತ ವಿಮಾನದ ಒಂದು ಎಂಜಿನ್ನಿನ ತಳ್ಳುಬಲಕ್ಕಿಂತ ತುಸು ಹೆಚ್ಚೇ. ತೋಪನ್ನು ಮೊದಲು ಇಟ್ಟು ಅದರ ಸುತ್ತ ವಿಮಾನ ಕಟ್ಟಿದರು ಅಂತ ತಮಾಷೆ ಮಾಡುತ್ತಾರೆ. ತಮಾಷೆಯೇನಲ್ಲ ಅದು.

ನಮ್ಮದೇ ಉದಾಹರಣೆ ನನಗೆ ಇದಕ್ಕಿಂತ ಹೆಚ್ಚು ಮನಸ್ಸಿಗೆ ತಟ್ಟುತ್ತದೆ. ಬೆಂಗಳೂರಿನ ಎಚ್‌ಎಎಲ್ ಹುಟ್ಟಿದ್ದೇ ಮೈಸೂರು ಸಂಸ್ಥಾನದ ಬೆಂಬಲದಿಂದ. 1940ರಲ್ಲಿ ವಾಲಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಜಮೀನನ್ನೂ ಕೊಟ್ಟಿತು, 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು. ಅದೇ ಕಾರ್ಖಾನೆಗೆ 1956ರಲ್ಲಿ ಜರ್ಮನಿಯ ಹೆಸರಾಂತ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ತಮ್ಮ ತಂಡದ ಜೊತೆ ಬಂದರು. ಭಾರತದ ಎಂಜಿನಿಯರುಗಳ ಜೊತೆ ಸೇರಿ ಅವರು ರೂಪಿಸಿದ್ದು ಎಚ್‌ಎಫ್-24 ಮಾರುತ್. 1961ರ ಜೂನ್ 17ರಂದು ಬೆಂಗಳೂರಿನ ಆಕಾಶದಲ್ಲಿ ಅದನ್ನು ಮೊದಲ ಬಾರಿ ಹಾರಿಸಿದವರು ಪರೀಕ್ಷಾ ಪೈಲಟ್ ಸುರಂಜನ್ ದಾಸ್. ಭಾರತದಲ್ಲೇ ರೂಪಿಸಿ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ ಅದು. ಒಟ್ಟು 147 ಕಟ್ಟಿದರು.

ಮಾರುತ್ ನೋಡೋಕೆ ಚೆಂದದ ವಿಮಾನ. ಮೂಗು ಸೂಜಿಯ ಹಾಗೆ. ಆ ಮೂಗಿನಲ್ಲೇ ನಾಲ್ಕು 30 ಮಿ.ಮೀ. ಏಡನ್ ತೋಪುಗಳು, ಒಂದೊಂದಕ್ಕೆ 120 ಗುಂಡು. ನಾಲ್ಕೂ ಮುಂದಕ್ಕೆ ಬಿಗಿದವು.

ಲೆಕ್ಕದ ಮೇಷ್ಟ್ರಾಗಿದ್ದವನು ನಾನು, ಸುಮ್ಮನಿರೋಕೆ ಆಗಲ್ಲ. ಕಾಗದದ ಮೇಲೆ ಒಂದು ಅಂದಾಜು ಹಾಕೋಣ. ಗುಂಡಿನ ತೂಕ ಹತ್ತಿರ ಹತ್ತಿರ ಕಾಲು ಕಿಲೊ. ನಳಿಕೆ ಬಿಡುವಾಗ ಸೆಕೆಂಡಿಗೆ 800 ಮೀಟರ್ ಆಸುಪಾಸಿನ ವೇಗ. ನಿಮಿಷಕ್ಕೆ 1,200 ಅಂದರೆ ಸೆಕೆಂಡಿಗೆ 20 ಗುಂಡು. ಇವನ್ನು ಗುಣಿಸಿದರೆ ಒಂದು ತೋಪಿನ ಒದೆತ ಸುಮಾರು 400 ಕಿಲೊ ತೂಕದಷ್ಟು ಬಲ. ನಾಲ್ಕೂ ಒಟ್ಟಿಗೆ ಹಾರಿದರೆ ಒಂದೂವರೆ ಟನ್ನು ದಾಟುತ್ತದೆ. ಮದ್ದಿನ ಹೊಗೆಯ ಒದೆತ ಇದರಲ್ಲಿ ಸೇರಿಲ್ಲ. ಮಾರುತ್‌ನ ಎರಡು ಎಂಜಿನ್ನೂ ಸೇರಿ ತಳ್ಳುತ್ತಿದ್ದದ್ದು ನಾಲ್ಕೂವರೆ ಟನ್ನಿಗೆ ಸ್ವಲ್ಪ ಕಡಿಮೆ. ಅಂದರೆ ಗುಂಡಿ ಒತ್ತಿದ ಕೂಡಲೇ ಎಂಜಿನ್ನಿನ ಮೂರರಲ್ಲೊಂದು ಭಾಗದಷ್ಟು ಬಲ ಮೂಗಿನ ಮೇಲೆ ಹಿಮ್ಮುಖವಾಗಿ ಬೀಳುತ್ತಿತ್ತು. ಅದೂ ಒಂದೇ ಸಮನೆ ಅಲ್ಲ, ಸೆಕೆಂಡಿಗೆ ಎಂಬತ್ತು ಸುತ್ತಿಗೆ ಏಟಿನ ಹಾಗೆ. ಮೂಗಿನಿಂದ ಸ್ವಲ್ಪವೇ ಹಿಂದೆ ಕೂತಿರೋನು ಪೈಲಟ್. ಅವನ ಮುಂದೆ ಉಪಕರಣಗಳ ಫಲಕ.

ನಡುಗದೆ ಏನಾಗುತ್ತದೆ? ನಾಲ್ಕನ್ನೂ ಒಟ್ಟಿಗೆ ಹಾರಿಸಿದಾಗಿನ ಕಂಪನ ಮಾರುತ್‌ಗೆ ದೊಡ್ಡ ತಲೆನೋವಾಯಿತು. ಎರಡು ತೋಪು ಮಾತ್ರ ಬಳಸುವ ಪರಿಸ್ಥಿತಿ ಬಂತು. ಇದರ ಜೊತೆಗೆ ಎಂಜಿನ್ನಿನ ಗೋಳು ಬೇರೆ. ಯಾವ ಎಂಜಿನ್ನನ್ನು ನೆನೆದು ವಿಮಾನ ರೂಪಿಸಿದ್ದರೋ ಅದು ತಯಾರಾಗಲೇ ಇಲ್ಲ. ಕಡಿಮೆ ಬಲದ ಆರ್ಫಿಯಸ್ ಎಂಜಿನ್ನುಗಳಲ್ಲೇ ಮಾರುತ್ ಕೊನೆವರೆಗೂ ಹಾರಿತು. ಎಂಜಿನ್ನಿನ ಕೊರತೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ, ಮೂಗಿನ ತೋಪಿನ ಬಗ್ಗೆ ಬರೆಯೋರು ಕಡಿಮೆ. ನನಗೆ ಎರಡನೆಯದೇ ಹೆಚ್ಚು ಕುತೂಹಲ. ದುಡ್ಡು ಕೊಟ್ಟರೆ ಎಂಜಿನ್ನು ಬದಲಾಯಿಸಬಹುದು. ಒದೆತವನ್ನು ತಡೆಯೋ ಮೂಗನ್ನು ಬದಲಾಯಿಸಬೇಕಾದರೆ ಹೊಸ ವಿಮಾನವೇ ಆಗಬೇಕು.

ಸುರಂಜನ್ ದಾಸ್ 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಮಾರುತ್‌ನ ಇನ್ನೊಂದು ಮಾದರಿಯನ್ನು ಮೇಲೇರಿಸುವಾಗ ಅಪಘಾತದಲ್ಲಿ ತೀರಿಕೊಂಡರು. ತೋಪಿಗೂ ಅದಕ್ಕೂ ಸಂಬಂಧ ಇಲ್ಲ. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬೈದುಕೊಳ್ಳುವ ನಮ್ಮ ಮಕ್ಕಳು ಮೊಮ್ಮಕ್ಕಳಿಗೆ ಆ ಹೆಸರು ಯಾರದು ಅಂತ ಒಮ್ಮೆ ಹೇಳಿಡಿ.

ಇನ್ನು ಬೆಲೆಯ ಮಾತು. ಒಂದೊಂದು ತೋಪಿಗೆ 120 ಗುಂಡು, ಸೆಕೆಂಡಿಗೆ 20 ಅಂದೆನಲ್ಲ? ಭಾಗಿಸಿ ನೋಡಿ. ಆರು ಸೆಕೆಂಡು. ಇಡೀ ಯುದ್ಧಯಾತ್ರೆಗೆ ಪೈಲಟ್ಟಿನ ಕೈಯಲ್ಲಿರೋದು ಆರೇ ಸೆಕೆಂಡಿನ ಗುಂಡು. ಎಚ್‌ಎಎಲ್‌ನಲ್ಲೇ ತಯಾರಾದ ಪುಟಾಣಿ ನ್ಯಾಟ್‌ಗೂ ಇವೇ ತೋಪು, ಎರಡೇ ಎರಡು. ಗಾಳಿ ಹೀರುವ ಬಾಯಿಗಳ ಪಕ್ಕಕ್ಕೆ ಒಂದೊಂದು. 1965ರ ಯುದ್ಧದಲ್ಲಿ ಹೆಸರು ಮಾಡಿದ ವಿಮಾನ ಅದು. ನಡುನಡುವೆ ಅದರ ತೋಪುಗಳು ಸಿಕ್ಕಿಹಾಕಿಕೊಂಡು ಪೈಲಟ್ಟುಗಳನ್ನು ಗೋಳಾಡಿಸಿದ್ದೂ ಉಂಟು. ಶತ್ರುವಿನ ಬೆನ್ನು ಹತ್ತಿ, ವಿಮಾನವನ್ನೇ ಬಾಣದ ಹಾಗೆ ನೇರ ಮಾಡಿ ಗುಂಡಿ ಒತ್ತಿದರೆ ತೋಪು ಸುಮ್ಮನೆ ಕೂತಿದೆ! ಆಗ ಆ ಮನುಷ್ಯನಿಗೆ ಹೇಗಾಗಿರಬೇಕು ಅಂತ ಯೋಚಿಸಿ.

ನೆಲದ ಗುರಿಯ ಮೇಲೆ ಹಾರಿಸುವಾಗ ಇನ್ನೂ ಕಷ್ಟ. 1971ರ ಡಿಸೆಂಬರ್‌ನಲ್ಲಿ ಮಾರುತ್‌ಗಳು ರಾಜಸ್ಥಾನದ ಜೋಧಪುರ, ಉತ್ತರ್‌ಲಾಯ್ ನೆಲೆಗಳಿಂದ ಗಡಿಯಾಚೆಯ ನೆಲದ ಗುರಿಗಳ ಮೇಲೆ ದಾಳಿಗೆ ಹೋದವು. ಗಂಟೆಗೆ 800 ಕಿಲೊಮೀಟರ್ ವೇಗ ಅಂದರೆ ಸೆಕೆಂಡಿಗೆ 220 ಮೀಟರ್. ಮೂಗನ್ನು ಗುರಿಯ ಕಡೆ ತಗ್ಗಿಸಬೇಕು. ಅಂದರೆ ವಿಮಾನ ನೆಲದ ಕಡೆಗೇ ಧಾವಿಸುತ್ತಿದೆ. ಆ ಒಂದೆರಡು ಸೆಕೆಂಡು ಅತ್ತಿತ್ತ ಅಲುಗುವಂತಿಲ್ಲ, ಅಲುಗಿದರೆ ಗುಂಡು ತಪ್ಪುತ್ತದೆ. ಕೆಳಗಿರುವ ವಿಮಾನನಿರೋಧಕ ತೋಪಿನವನಿಗೂ ಇದು ಗೊತ್ತು. ಅವನ ಪಾಲಿಗೆ ವಿಮಾನ ಅಲುಗದ ಒಂದು ಚುಕ್ಕಿ, ನಿಧಾನಕ್ಕೆ ದೊಡ್ಡದಾಗುತ್ತಾ ಬರುವ ಚುಕ್ಕಿ. ನಾನು ಇವನನ್ನು ಹೊಡೆಯಬಹುದಾದ ಕ್ಷಣದಲ್ಲೇ ಇವನೂ ನನ್ನನ್ನು ಹೊಡೆಯಬಹುದು. ಬಿಗಿದ ತೋಪಿನ ಒಪ್ಪಂದ ಇದು.

ದ್ರೋಣರ ಪರೀಕ್ಷೆ ನೆನಪಾಗುತ್ತದೆ. ಮರ ಕಾಣಲ್ಲ, ಕೊಂಬೆ ಕಾಣಲ್ಲ, ಹಕ್ಕಿಯ ಕಣ್ಣು ಮಾತ್ರ ಕಾಣುತ್ತದೆ ಅಂದವನಿಗೆ ಅಲ್ಲಿ ಪೂರ್ತಿ ಅಂಕ. ವಾಯುಪಡೆಯಲ್ಲಿ ಅದೇ ಉತ್ತರ ಕೊಟ್ಟವನನ್ನು ನಪಾಸು ಮಾಡುತ್ತಾರೆ. ಗುರಿಯನ್ನೇ ದಿಟ್ಟಿಸುತ್ತಾ ನೆಲ ಹತ್ತಿರ ಬಂದದ್ದು ತಿಳಿಯದೆ ಅಪ್ಪಳಿಸಿದ ಪೈಲಟ್ಟುಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಈ ಮೋಹಕ್ಕೆ ಅವರು ಒಂದು ಹೆಸರನ್ನೇ ಇಟ್ಟು ಪಾಠ ಮಾಡುತ್ತಾರೆ. ಸಾರಥಿಯೂ ಬಿಲ್ಲುಗಾರನೂ ಒಬ್ಬನೇ ಆದರೆ ಬಿಲ್ಲುಗಾರ ಮೈಮರೆತಾಗ ಲಗಾಮು ಹಿಡಿಯೋರು ಯಾರು?

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್ ನಿಂತಿದೆ. ಶಾಲೆಯಿಂದ ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳು ಮಕ್ಕಳಿಗೆ ರೆಕ್ಕೆ ತೋರಿಸಿ ಮುಂದೆ ನಡೆಯುತ್ತಾರೆ. ಮೂಗಿನ ಮುಂದೆ ಒಂದು ನಿಮಿಷ ನಿಲ್ಲಿಸಿ.

ಒದೆತವೇ ಇಲ್ಲದ ಆಯುಧ ಇಲ್ಲವೇ ಅಂದರೆ, ಇದೆ. ಅದರ ತವರು ನಮಗೆ ಹದಿನೈದು ಕಿಲೊಮೀಟರ್ ದೂರದ ಶ್ರೀರಂಗಪಟ್ಟಣ. ರಾಕೆಟ್ಟು ತನ್ನನ್ನು ತಾನೇ ತಳ್ಳಿಕೊಂಡು ಹೋಗುತ್ತದೆ, ಹಾರಿಸಿದವನಿಗೆ ಒದೆ ಇಲ್ಲ. ಹೈದರ್ ಮತ್ತು ಟಿಪ್ಪುವಿನ ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ, ಬಿದಿರ ಕೋಲು. ಭಾರೀ ಗಾಡಿ ಬೇಡ, ಒಬ್ಬ ಆಳು ಹೊತ್ತು ನಡೆಯಬಹುದು. 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನದ ದೊಡ್ಡ ಚಿತ್ರ ದರಿಯಾ ದೌಲತ್‌ನ ಗೋಡೆ ಮೇಲಿದೆ. ನೋಡದ ಮೈಸೂರಿನವರು ಇದ್ದರೆ ಈ ಭಾನುವಾರವೇ ಹೋಗಿಬನ್ನಿ. ರಾಕೆಟ್ಟಿನ ತೊಂದರೆ ಬೇರೆ ಥರದ್ದು. ಅದು ನೇರ ಹೋಗೋದಿಲ್ಲ, ಗಾಳಿ ಹೇಳಿದ ಮಾತು ಕೇಳುತ್ತದೆ. ಅದಕ್ಕೇ ಒಂದನ್ನಲ್ಲ, ಕಂತೆಗಟ್ಟಲೆ ಬಿಡುತ್ತಿದ್ದರು. ಮಾರುತ್‌ನ ಹೊಟ್ಟೆಯೊಳಗೂ 50 ರಾಕೆಟ್ಟುಗಳ ಒಂದು ಪೆಟ್ಟಿಗೆ ಇತ್ತು. ಮೂಗಿನ ತೋಪು ವಿಮಾನವನ್ನು ನಡುಗಿಸಿದರೆ ಹೊಟ್ಟೆಯ ರಾಕೆಟ್ಟಿಗೆ ಆ ದೋಷ ಇರಲಿಲ್ಲ.

ಈ ಕಾಲದ ಎಚ್‌ಎಎಲ್ ಹೆಲಿಕಾಪ್ಟರ್ ಪ್ರಚಂಡದಲ್ಲಿ ಎರಡೂ ಪಾಠ ಒಟ್ಟಿಗೆ ಕಾಣುತ್ತವೆ. 2025ರ ಮಾರ್ಚ್‌ನಲ್ಲಿ 156 ಪ್ರಚಂಡಗಳಿಗೆ ಒಪ್ಪಂದ ಆಯಿತು. ಬೆಂಗಳೂರು, ತುಮಕೂರುಗಳಲ್ಲಿ ಅವು ತಯಾರಾಗಬೇಕು. ಅದರ ಮೂಗಿನ ಕೆಳಗಿನ 20 ಮಿ.ಮೀ. ತೋಪು ಪೈಲಟ್ಟು ತಲೆ ತಿರುಗಿಸಿದ ಕಡೆಗೆ ತಾನೂ ತಿರುಗುತ್ತದೆ. 70 ಮಿ.ಮೀ. ರಾಕೆಟ್ಟುಗಳು ಮಾತ್ರ ಪಕ್ಕದಲ್ಲಿ ಮುಂದಕ್ಕೇ ಬಿಗಿದುಕೊಂಡಿವೆ, ಅವಕ್ಕೆ ಇಡೀ ಹೆಲಿಕಾಪ್ಟರೇ ತಿರುಗಬೇಕು. ಸಣ್ಣದಕ್ಕೆ ಕತ್ತು ಕೊಡಬಹುದು, ದೊಡ್ಡದಕ್ಕೆ ಕಷ್ಟ.

ಸಮುದ್ರದ ಮೇಲೂ ಇದೇ ಕಥೆ, ಇನ್ನೂ ಹಳೆಯದು. 1571ರ ಲೆಪಾಂಟೊ ಕದನದಲ್ಲಿ ಹುಟ್ಟು ಹಾಕಿ ನಡೆಸುವ ಗ್ಯಾಲಿ ಹಡಗುಗಳು ಮೂತಿಯಲ್ಲೇ ಭಾರೀ ತೋಪು ಇಟ್ಟುಕೊಂಡು ಎದುರೆದುರು ನುಗ್ಗಿದ್ದವು. ಪಕ್ಕದಲ್ಲೆಲ್ಲ ಹುಟ್ಟುಗಳು, ಬೇರೆಲ್ಲಿ ಇಡೋದು? ನಮ್ಮ ಪಶ್ಚಿಮ ಕರಾವಳಿಯ ಗುರಾಬು ಹಡಗುಗಳಿಗೂ ಮೂತಿಯ ಮೇಲಿಂದ ಹಾರಿಸುವ ತೋಪುಗಳಿದ್ದವು. ಮರಾಠರ ಆಂಗ್ರೆಗಳು ಇವುಗಳಿಂದಲೇ ಇಂಗ್ಲಿಷರ ನಿದ್ದೆ ಕೆಡಿಸಿದವರು. ಹೈದರನೂ ಕರಾವಳಿಯಲ್ಲಿ ನೌಕಾಬಲ ಕಟ್ಟಿದ್ದ. 1780ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ನೌಕಾಪಡೆಯ ಹ್ಯೂಸ್ ಮಂಗಳೂರಿಗೇ ನುಗ್ಗಿ ಅವನ ಹಡಗುಗಳನ್ನು ಹಾಳುಗೆಡವಿದ. ಮೈಸೂರಿನ ನೌಕಾಬಲದ ಕಥೆ ಬೇರೆಯದೇ ಕಂತು ಬೇಡುತ್ತದೆ, ಇಲ್ಲಿಗೆ ಬಿಡೋಣ.

ಕಾರವಾರಕ್ಕೆ ಹೋದವರು ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ಅನ್ನುವ ಕ್ಷಿಪಣಿ ದೋಣಿಯನ್ನು ನೋಡಿರುತ್ತೀರಿ. ನಿವೃತ್ತಿಯಾದ ಮೇಲೆ ದಡಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅದರ ಎರಡೂ ಬದಿಗೆ ದಪ್ಪ ಪೀಪಾಯಿಗಳನ್ನು ಮಲಗಿಸಿದ ಹಾಗೆ ನಾಲ್ಕು ಕ್ಷಿಪಣಿ ಕೊಳವೆಗಳಿವೆ. ಒಂದೊಂದಕ್ಕೆ ಒಂದೇ ಕ್ಷಿಪಣಿ. ಕೊಳವೆಗಳು ಮುಂದಕ್ಕೆ ತುಸು ಮೇಲೆ ನೋಡುತ್ತವೆ, ತಿರುಗೋದಿಲ್ಲ. ಅದೇ ದೋಣಿಯ ಮುಂದೆ ಹಿಂದೆ ಇರುವ ಚಿಕ್ಕ 30 ಮಿ.ಮೀ. ತೋಪುಗಳು ಆರಾಮಾಗಿ ಸುತ್ತ ತಿರುಗುತ್ತವೆ. ಎರಡು ಟನ್ನು ಮೀರಿದ ಕ್ಷಿಪಣಿ ಹೊತ್ತ ಕೊಳವೆಯನ್ನು ಅಷ್ಟು ಚಿಕ್ಕ ದೋಣಿಯ ಮೇಲೆ ತಿರುಗಿಸೋಕೆ ಹೋದರೆ ದೋಣಿಯೇ ವಾಲುತ್ತದೆ. ಹಾಗಾಗಿ ದೋಣಿಯ ಮೂತಿಯನ್ನು ಶತ್ರುವಿನ ದಿಕ್ಕಿಗೆ ಹಿಡಿದು ಬಿಡೋದು. ಕೂದಲೆಳೆಯ ಗುರಿ ಬೇಕಿಲ್ಲ, ಹಾರಿದ ಮೇಲೆ ಕ್ಷಿಪಣಿ ತಾನೇ ಹುಡುಕಿಕೊಂಡು ಹೋಗುತ್ತದೆ.

ಚಾಪೆಲ್ 1976ರಲ್ಲಿ ಸೇನೆಗೆ ಸೇರಿದ್ದು. ಅದಕ್ಕಿಂತ ಹಿಂದಿನ ತಲೆಮಾರಿನ ಇದೇ ಥರದ ನಿಪಾತ್, ನಿರ್ಘಾತ್, ವೀರ್ ದೋಣಿಗಳು 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಕಡೆಗೆ ಮೂತಿ ಮಾಡಿದವು. ಅದರ ನೆನಪಿಗೇ ಡಿಸೆಂಬರ್ 4 ನೌಕಾದಿನ. ನಿರ್ಘಾತ್‌ನ ಎರಡು ಕ್ಷಿಪಣಿಗಳಿಗೆ ಪಾಕಿಸ್ತಾನದ ಖೈಬರ್ ಹಡಗು ಮುಳುಗಿತು. ಇನ್ನೂರಕ್ಕೂ ಹೆಚ್ಚು ನಾವಿಕರು ಅದರ ಜೊತೆ ಹೋದರು. ಮೊದಲು ಬಡಿದದ್ದು ಕ್ಷಿಪಣಿ ಅಂತಲೂ ಅವರಿಗೆ ತಿಳಿಯಲಿಲ್ಲ, ವಿಮಾನದಾಳಿ ಅಂದುಕೊಂಡಿದ್ದರು. ನಮ್ಮ ಗೆಲುವು ದೊಡ್ಡದೇ. ಆ ಇನ್ನೂರು ಮನೆಗಳಲ್ಲೂ ಯಾರಾದರೂ ಬಾಗಿಲು ನೋಡುತ್ತಾ ಕೂತಿದ್ದರು ಅನ್ನೋದನ್ನು ಕೊಳವೆಯ ಮುಂದೆ ನಿಂತು ಸೆಲ್ಫಿ ತಗೊಳ್ಳುವಾಗ ಮಕ್ಕಳಿಗೆ ಹೇಳಿದರೆ ಗೆಲುವಿಗೇನೂ ಕುಂದಾಗದು.

ನೆಲದ ಮೇಲಿನ ವಿಚಿತ್ರವೊಂದನ್ನು ಬೇಗ ಹೇಳಿಬಿಡ್ತೀನಿ. ಸ್ವೀಡನ್ನಿನವರು 1967ರಿಂದ 1997ರವರೆಗೆ ತಲೆಯೇ ಇಲ್ಲದ ಟ್ಯಾಂಕು ಇಟ್ಟುಕೊಂಡಿದ್ದರು. ಹೆಸರು ಎಸ್-ಟ್ಯಾಂಕ್. 105 ಮಿ.ಮೀ. ತೋಪನ್ನು ಮೈಗೇ ಬಿಗಿದಿದ್ದರು. ಎಡಬಲಕ್ಕೆ ಗುರಿ ಇಡಲು ಟ್ಯಾಂಕೇ ತಿರುಗಬೇಕು. ಮೇಲೆ ಕೆಳಗೆ ಆಗಬೇಕಾದರೆ ಆನೆ ಮಂಡಿ ಊರಿದ ಹಾಗೆ ಮುಂದೆ ಬಗ್ಗಬೇಕು, ಹಿಂದೆ ಏಳಬೇಕು. ಓಡಿಸೋನೇ ಹೊಡೆಯೋನು. ಲಾಭ ಏನು? ಟ್ಯಾಂಕು ತಗ್ಗಾಯಿತು, ಮೂರೇ ಜನ ಸಾಕಾಯಿತು. ನಷ್ಟ ಏನು? ಓಡುತ್ತಾ ಸರಿಯಾಗಿ ಹೊಡೆಯೋಕೆ ಬರದು. ನನಗೆ ಇಷ್ಟವಾಗೋದು ಅದರ ಮೂರನೆಯ ಸಿಬ್ಬಂದಿ. ಆತ ಹಿಂದಕ್ಕೆ ಮುಖ ಮಾಡಿ ಕೂತಿರುತ್ತಾನೆ, ಅವನಿಗೂ ಓಡಿಸುವ ಹಿಡಿಕೆಗಳಿವೆ. ಶತ್ರುವಿಗೆ ಮೂತಿ ತೋರಿಸುತ್ತಲೇ ಪೂರ್ತಿ ವೇಗದಲ್ಲಿ ಹಿಂದಕ್ಕೆ ಓಡಬಹುದು. ಸಾರಥಿಯೇ ಬಿಲ್ಲುಗಾರನಾದಾಗ ಎದುರಾಗುವ ಕಷ್ಟಕ್ಕೆ ಯಾರಾದರೂ ನೆಟ್ಟಗೆ ಯೋಚಿಸಿದ್ದಾರೆ ಅಂದರೆ ಈ ಸ್ವೀಡನ್ನಿನವರು. ಹಿಂದಕ್ಕೊಬ್ಬ ಸಾರಥಿ!

ಈಗ ಹುಡುಗನ ನೌಕೆಗಳಿಗೆ ಬರೋಣ. ಸಿನಿಮಾದ ನೌಕೆಗಳ ತೋಪು ಆಕಾಶದಿಂದ ಉದುರಿದ್ದಲ್ಲ, ಯುದ್ಧವಿಮಾನಗಳಿಂದ ಬಂದದ್ದು. 1977ರ ಸ್ಟಾರ್ ವಾರ್ಸ್ ತೆಗೆಯುವಾಗ ಜಾರ್ಜ್ ಲ್ಯೂಕಾಸ್ ಎರಡನೇ ಮಹಾಯುದ್ಧದ ವಿಮಾನ ಕಾಳಗದ ತುಣುಕುಗಳನ್ನು ಮಾದರಿಯಾಗಿ ಇಟ್ಟುಕೊಂಡಿದ್ದರು. ಅದಕ್ಕೇ ಆ ಎಕ್ಸ್-ವಿಂಗ್‌ಗಳ ರೆಕ್ಕೆ ತುದಿಯಲ್ಲಿ ತೋಪು, ಮುಂದಕ್ಕೆ ಬಿಗಿದದ್ದು, ಒಳಗೆ ಒಬ್ಬನೇ ಪೈಲಟ್. ಅದೇ ಸಿನಿಮಾದ ಮಿಲೇನಿಯಂ ಫಾಲ್ಕನ್ ಮಾತ್ರ ಅರ್ಜುನನ ರಥ. ಓಡಿಸೋರು ಬೇರೆ, ತಿರುಗು ತೋಪಿನಲ್ಲಿ ಕೂತು ಹೊಡೆಯೋರು ಬೇರೆ. ಎರಡೂ ಕಾಳಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಇನ್ನು ಡೆತ್ ಸ್ಟಾರ್. ಗ್ರಹವನ್ನೇ ಪುಡಿ ಮಾಡುವ ತೋಪು, ಇಡೀ ಗೋಳದ ಮೈಯಲ್ಲಿ ಕೊರೆದ ಒಂದು ಬಟ್ಟಲು. ಬಂಡುಕೋರರ ನೆಲೆ ಇರುವ ಚಂದ್ರ ದೊಡ್ಡ ಗ್ರಹದ ಮರೆಯಲ್ಲಿದೆ. ಹಾಗಾಗಿ ಈ ದೈತ್ಯ ಗ್ರಹವನ್ನು ಬಳಸಿ ಬರಬೇಕು, ಅದಕ್ಕೆ ಅರ್ಧ ಗಂಟೆ. ಸಿನಿಮಾದ ಕೊನೆಯ ಕಾಳಗವೆಲ್ಲ ನಡೆಯೋದು ಆ ಅರ್ಧ ಗಂಟೆಯಲ್ಲೇ. ಗ್ರಹ ಅಡ್ಡ ಇದೆ ಅನ್ನೋದರಿಂದಲೇ ಕಥೆಗೆ ಉಸಿರು. ಜಪಾನಿನವರ 1974ರ ಟಿವಿ ಸರಣಿ ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ ಇದರಲ್ಲಿ ಇನ್ನೂ ಪ್ರಾಮಾಣಿಕ. ನೌಕೆಯ ಮೂತಿಯಲ್ಲಿ ವೇವ್ ಮೋಷನ್ ಗನ್. ಅದನ್ನು ಹಾರಿಸಬೇಕಾದರೆ ಎಂಜಿನ್ನಿನ ಶಕ್ತಿಯನ್ನೆಲ್ಲ ಅದಕ್ಕೇ ಊಡಿಸಬೇಕು. ತುಂಬುವವರೆಗೆ ನೌಕೆ ಕೈಕಟ್ಟಿ ನಿಂತ ಹಾಗೆ. ನಿಜವಾದ ಯಮಾಟೊ 1945ರಲ್ಲಿ ಮುಳುಗಿದ ಜಪಾನಿನ ಮಹಾನೌಕೆ. ಅದರ ಒಂಬತ್ತು ದೈತ್ಯ ತೋಪುಗಳು ಮೂರು ತಿರುಗು ಗೋಪುರಗಳಲ್ಲಿದ್ದವು, ಒಂದೊಂದು ಗೋಪುರದ ತೂಕ 2,500 ಟನ್ ಆಸುಪಾಸು. ಅಷ್ಟು ಭಾರವನ್ನು ತಿರುಗಿಸಲು ಅಂಥದ್ದೇ ದೊಡ್ಡ ಹಡಗು ಬೇಕಿತ್ತು, ಕೆಳಗೆ ಆತುಕೊಳ್ಳೋಕೆ ಸಮುದ್ರ ಬೇಕಿತ್ತು. ಹುಡುಗನ ಪ್ರಶ್ನೆಗೆ ಇದೇ ನೇರ ಉತ್ತರ ಕಣಪ್ಪ. ಬಾಹ್ಯಾಕಾಶದಲ್ಲಿ ನೆಲವೂ ಇಲ್ಲ, ನೀರೂ ಇಲ್ಲ, ಗಾಳಿಯೂ ಇಲ್ಲ. ಒದೆತವನ್ನು ಹಂಚಿಕೊಳ್ಳೋರು ಯಾರೂ ಇಲ್ಲ. ನೌಕೆಯ ಉದ್ದಕ್ಕೂ ನಡುಗೆರೆಯಲ್ಲಿ ತೋಪು ಇಟ್ಟರೆ ನಳಿಕೆ ಉದ್ದ ಸಿಗುತ್ತದೆ, ಒದೆತವೂ ಭಾರದ ಕೇಂದ್ರದ ಮೂಲಕ ಹೋಗುತ್ತದೆ. ಪಕ್ಕಕ್ಕೆ ಹಾರಿಸಿದರೆ ನೌಕೆ ಬುಗುರಿ.

ಗೇಮ್ ಮಾಡುವವರ ಬಗ್ಗೆ ನನ್ನ ತಕರಾರು ಬೇರೆ. ತೋಪನ್ನು ಬಿಗಿದದ್ದು ಸರಿ, ಅದರ ಬೆಲೆಯನ್ನು ಮರೆಸಿದ್ದು ತಪ್ಪು. ಹುಡುಗನ ಗೇಮಿನಲ್ಲಿ ಗುಂಡಿ ಒತ್ತಿದರೆ ನೌಕೆ ಕೂದಲಷ್ಟೂ ಅಲುಗೋದಿಲ್ಲವಂತೆ, ಗುಂಡು ಮುಗಿಯೋದೂ ಇಲ್ಲವಂತೆ. ಆರು ಸೆಕೆಂಡಿನ ಲೆಕ್ಕವನ್ನು ಅದಕ್ಕೆ ಹಾಕಿ ನೋಡಲಿ, ಆಟ ಇನ್ನೂ ರೋಚಕ ಆಗುತ್ತದೆ.

ಬಾಹ್ಯಾಕಾಶದಲ್ಲಿ ನಿಜವಾಗಿ ಯಾರಾದರೂ ತೋಪು ಇಟ್ಟಿದ್ದಾರಾ ಅಂತ ಕೇಳಿದರೆ, ಹೌದು. ಸೋವಿಯತ್ ಒಕ್ಕೂಟ 1974ರ ಜೂನ್‌ನಲ್ಲಿ ಹಾರಿಸಿದ ಸಲ್ಯೂತ್-3 ನಿಲ್ದಾಣ ಹೊರಗೆ ಹೇಳಿಕೊಳ್ಳೋಕೆ ವಿಜ್ಞಾನದ್ದು, ಒಳಗೆ ಸೇನೆಯದು. ಅದಕ್ಕೆ ವಿಮಾನದ ತೋಪೊಂದನ್ನು ಬಿಗಿದಿದ್ದರು. ತಿರುಗುವ ಏರ್ಪಾಡಿಲ್ಲ. ಗುರಿ ಇಡಬೇಕಾದರೆ ಸುಮಾರು 18 ಟನ್ನಿನ ನಿಲ್ದಾಣವನ್ನೇ ತಿರುಗಿಸಬೇಕು. ಆ ಜುಲೈನಲ್ಲಿ ಪೊಪೊವಿಚ್ ಮತ್ತು ಅರ್ತ್ಯುಖಿನ್ ಎರಡು ವಾರ ಅದರಲ್ಲಿ ಇದ್ದು ಬಂದರು. ಅವರು ಇದ್ದಾಗ ತೋಪು ಹಾರಿಸಲಿಲ್ಲ. ಒದೆತಕ್ಕೆ, ಕಂಪನಕ್ಕೆ ನಿಲ್ದಾಣ ಏನಾಗುತ್ತದೋ ಅನ್ನೋ ಭಯ. ಮುಂದಿನ ತಂಡಕ್ಕೆ ನಿಲ್ದಾಣಕ್ಕೆ ಜೋಡಿಕೊಳ್ಳೋಕೇ ಆಗಲಿಲ್ಲ. 1975ರ ಜನವರಿಯಲ್ಲಿ, ಒಳಗೆ ಯಾರೂ ಇಲ್ಲದಾಗ, ಭೂಮಿಯಿಂದ ಆಜ್ಞೆ ಕಳಿಸಿ ಹಾರಿಸಿದರು. ಒದೆತಕ್ಕೆ ಸರಿದೂಗಲಿ ಅಂತ ಜೊತೆಜೊತೆಗೇ ನಿಲ್ದಾಣದ ಎಂಜಿನ್ನುಗಳನ್ನೂ ಉರಿಸಿದರು. ಅದಾದ ಮೇಲೆ ನಿಲ್ದಾಣವನ್ನು ಕೆಳಕ್ಕಿಳಿಸಿ ಪೆಸಿಫಿಕ್ ಸಾಗರದ ಮೇಲೆ ಉರಿದುಹೋಗಲು ಬಿಟ್ಟರು.